ಮಕ್ಕಳ ವೈರಲ್ ಜ್ವರ: ಎಷ್ಟು ಎಂಎಲ್, ಎಷ್ಟು ಹೊತ್ತಿಗೊಮ್ಮೆ, ಆಸ್ಪತ್ರೆಗೆ ಯಾವಾಗ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳ ವೈರಲ್ ಜ್ವರದ್ದೇ. ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಮಕ್ಕಳ ವೈದ್ಯರ ಉತ್ತರಗಳೊಂದಿಗೆ ಕೊಟ್ಟಿದ್ದೇವೆ.

ಪ್ರಶ್ನೆ: ಮಗನಿಗೆ ಎರಡು ವರ್ಷ, ತೂಕ 12 ಕೆ.ಜಿ. ವೈರಲ್ ಜ್ವರ ಎಂದು ಡಾಕ್ಟರು ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟಿದ್ದಾರೆ. 5 ಎಂಎಲ್ ಕುಡಿಸಿದರೆ 103 ಇದ್ದ ಜ್ವರ 101ಕ್ಕೆ ಇಳಿಯುತ್ತದೆ, ನಾಲ್ಕೈದು ಗಂಟೆಯಲ್ಲಿ ಮತ್ತೆ ಏರುತ್ತದೆ. ಔಷಧಿ ಹಿಡಿಯುತ್ತಿಲ್ಲವೇ? ಮನೆಯಲ್ಲಿ ಹಳೆಯ ಬಾಟಲಿಯೂ ಒಂದಿದೆ, ಅದನ್ನು ಕೊಡಬಹುದೇ?

ಉತ್ತರ: ಹಿಡಿದಿದೆ, ಅದರ ಕೆಲಸವೇ ಅಷ್ಟು. ಸೋಂಕು ತಗುಲಿದಾಗ ದೇಹ ತಾನಾಗಿಯೇ ಮೈಶಾಖದ ಮಟ್ಟವನ್ನು ಏರಿಸಿಕೊಳ್ಳುತ್ತದೆ. ಮೆದುಳಿನಲ್ಲಿ ಮೈಶಾಖ ನಿಯಂತ್ರಿಸುವ ಹೈಪೊಥಾಲಮಸ್‌ಗೆ ಈ ಏರಿಕೆಯ ಸುದ್ದಿ ಮುಟ್ಟಿಸುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಪ್ಯಾರಾಸಿಟಮಾಲ್ ಅದರ ತಯಾರಿಯನ್ನು ಕೆಲವು ಗಂಟೆ ತಗ್ಗಿಸುತ್ತದೆ, ವೈರಸ್ಸಿನ ತಂಟೆಗೆ ಹೋಗುವುದಿಲ್ಲ. ಕುಡಿಸಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈ ತಣಿಯತೊಡಗಿ, ಎರಡು ಮೂರು ಗಂಟೆಯ ಹೊತ್ತಿಗೆ ಒಂದರಿಂದ ಒಂದೂವರೆ ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ ಸುಮಾರು ಎರಡರಿಂದ ಮೂರು ಡಿಗ್ರಿ) ಇಳಿಯುತ್ತದೆ. ನಿಮ್ಮ ಮಗನಿಗೆ ಇಳಿದದ್ದೂ ಅಷ್ಟೇ. ಜ್ವರ 98.6ಕ್ಕೆ ಬರಲೇಬೇಕೆಂದು ಕಾಯುತ್ತಾ ಕೂತರೆ ಔಷಧಿ ಅತಿಯಾಗುತ್ತದೆ. 101 ಇದ್ದರೂ ಮಗು ಎದ್ದು ಕೂತು ನೀರು ಕುಡಿದು ಆಟಿಕೆ ಕೇಳಿತೆಂದರೆ ಔಷಧಿ ಕೆಲಸ ಮಾಡಿದ ಹಾಗೆ. ಹಾಗೆಯೇ 101 ಇದ್ದೂ ಮಗು ಗೆಲುವಾಗಿ ಆಡಿಕೊಂಡಿದ್ದರೆ ಔಷಧಿ ಕೊಡಲೇಬೇಕೆಂದೂ ಇಲ್ಲ. ಮಲಗಿರುವ ಮಗುವನ್ನು ಎಬ್ಬಿಸಿ ಕುಡಿಸುವುದಂತೂ ಬೇಡ.

ಇನ್ನು ಬಾಟಲಿಯ ಮಾತು. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಪ್ಯಾರಾಸಿಟಮಾಲ್ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಪ್ರತಿ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. 12 ಕೆ.ಜಿ. ಮಗುವಿಗೆ 120ರಿಂದ 180 ಮಿಲಿಗ್ರಾಂ ಆಯಿತು. ಈಗ ಬಾಟಲಿಯ ಲೇಬಲ್ ತಿರುಗಿಸಿ ನೋಡಿ. ‘5 ಎಂಎಲ್‌ಗೆ 125 ಮಿಲಿಗ್ರಾಂ’ ಎಂದಿದ್ದರೆ ನೀವು ಕೊಟ್ಟ 5 ಎಂಎಲ್ ಸರಿ, ಕೆಳಹಂತದ ಅಳತೆ; 7 ಎಂಎಲ್‌ವರೆಗೂ ಹೋಗಬಹುದು. ‘5 ಎಂಎಲ್‌ಗೆ 250 ಮಿಲಿಗ್ರಾಂ’ ಎಂದಿದ್ದರೆ ಇದೇ ಮಗುವಿಗೆ ಮೂರೂವರೆ ಎಂಎಲ್ ಸಾಕು, 5 ಎಂಎಲ್ ಕೊಟ್ಟರೆ ಮಿತಿ ಮೀರಿತು. ಪುಟ್ಟ ಶಿಶುಗಳಿಗೆಂದು ಬರುವ ಡ್ರಾಪ್ಸ್ ಬಾಟಲಿ ಕಣ್ಣಿಗೆ ಪುಟ್ಟದಾಗಿ, ಸೌಮ್ಯವಾಗಿ ಕಾಣುತ್ತದೆ. ಒಳಗಿರುವುದು ಗಟ್ಟಿ ಔಷಧಿ. ಹಲವು ಡ್ರಾಪ್ಸ್‌ಗಳಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ ಎಂದುಕೊಂಡು 5 ಎಂಎಲ್ ಹಾಕಿದರೆ 500 ಮಿಲಿಗ್ರಾಂ, ಅಂದರೆ ದೊಡ್ಡವರ ಒಂದು ಮಾತ್ರೆಯಷ್ಟು ಒಳಗೆ ಹೋದಂತೆ. ಹಾಗಾಗಿ ಹಳೆಯ ಬಾಟಲಿಯಲ್ಲಿ ಎಷ್ಟು ಮಿಲಿಗ್ರಾಂ ಇದೆ, ಅವಧಿ ಮುಗಿದಿದೆಯೇ ಎಂದು ನೋಡದೆ ಮುಟ್ಟಬೇಡಿ. ಎರಡು ಬಗೆಯ ಬಾಟಲಿ ಮನೆಯಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ನಡುರಾತ್ರಿ ಅರೆನಿದ್ದೆಯಲ್ಲಿ ಲೇಬಲ್ ಓದುವವರು ಕಡಿಮೆ.

ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ಸಾಮಾನ್ಯವಾಗಿ 6 ಗಂಟೆ ಬಿಡಿ. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಅಡುಗೆಮನೆಯ ಚಮಚ ಬೇಡವೇ ಬೇಡ: ಒಂದರಲ್ಲಿ 3 ಎಂಎಲ್ ಹಿಡಿದರೆ ಇನ್ನೊಂದರಲ್ಲಿ 7 ಹಿಡಿಯುತ್ತದೆ. ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಲ್ಲವೇ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಬಳಸಿ. ಒಂದು ಬಾಟಲಿಯ ಡ್ರಾಪರ್ ಇನ್ನೊಂದಕ್ಕೆ ಬೇಡ. ಕೊಡುವ ಮುನ್ನ ಬಾಟಲಿ ಚೆನ್ನಾಗಿ ಕುಲುಕಿ. ಔಷಧಿ ತಳದಲ್ಲಿ ಕೂತಿದ್ದರೆ ಮೊದಲ ಡೋಸ್ ತೆಳ್ಳಗೆ, ಕೊನೆಯದು ಗಟ್ಟಿ. ಮನೆಯ ತೂಕದ ಯಂತ್ರದಲ್ಲಿ ಮಗು ನಿಲ್ಲದಿದ್ದರೆ ಎತ್ತಿಕೊಂಡು ಒಮ್ಮೆ, ಇಳಿಸಿ ಒಮ್ಮೆ ನಿಂತು ಕಳೆಯಿರಿ.

ನೆಗಡಿಯ ಸಿರಪ್ ಕೂಡ ಕೊಡುತ್ತಿದ್ದರೆ ಅದರ ಲೇಬಲ್ಲನ್ನೂ ಓದಿ. ಅದರೊಳಗೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಗೊತ್ತಿಲ್ಲದೆ ಡೋಸ್ ಎರಡು ಪಟ್ಟಾಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಂಥ ಮಿಶ್ರಣಗಳಿಂದ ಲಾಭವೂ ಇಲ್ಲ. ಅಕಸ್ಮಾತ್ ಹೆಚ್ಚು ಹೋಗಿದೆ ಎಂದು ಗೊತ್ತಾದರೆ ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಸುಮ್ಮನಿರಬೇಡಿ. ಪ್ಯಾರಾಸಿಟಮಾಲ್ ಅತಿಯಾದಾಗ ಪೆಟ್ಟು ಬೀಳುವುದು ಲಿವರ್‌ಗೆ. ಮೊದಲ ದಿನ ಹೊರಗೆ ಏನೂ ಕಾಣದೇ ಇರಬಹುದು. ಇದಕ್ಕೆ ಪ್ರತ್ಯೌಷಧಿ ಇದೆ, ಎಂಟು ಗಂಟೆಯೊಳಗೆ ಶುರುವಾದರೆ ಅದು ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕುಡಿಸಿದ ಹತ್ತು ನಿಮಿಷಕ್ಕೆ ಮಗಳು ವಾಂತಿ ಮಾಡಿಕೊಂಡಳು. ಮತ್ತೆ ಕೊಡಬೇಕೇ?

ಉತ್ತರ: ಅರ್ಧ ಗಂಟೆಯೊಳಗೆ ಕಕ್ಕಿದರೆ ಅದೇ ಡೋಸನ್ನು ಒಂದು ಸಲ ಮಾತ್ರ ಮತ್ತೆ ಕೊಡಬಹುದು. ಅರ್ಧ ಗಂಟೆ ದಾಟಿದ್ದರೆ ಔಷಧಿ ಒಳಗೆ ಇಳಿದಿರುತ್ತದೆ, ಮುಂದಿನ ಹೊತ್ತಿನವರೆಗೆ ಕಾಯಿರಿ. ಸಿರಿಂಜ್‌ನ ತುದಿಯನ್ನು ನಾಲಿಗೆಯ ಮೇಲಲ್ಲ, ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಿ. ಗಂಟಲಿಗೆ ಒಮ್ಮೆಲೇ ಚಿಮ್ಮಿದರೆ ಓಕರಿಕೆ ಬಂದೇ ಬರುತ್ತದೆ. ಮಗುವಿನ ತಲೆ ಎತ್ತರದಲ್ಲಿರಲಿ. ಮೂಗು ಹಿಡಿದು ಕುಡಿಸುವುದು ಅಪಾಯ, ಔಷಧಿ ಶ್ವಾಸನಾಳಕ್ಕೆ ಹೋದೀತು. ಏನೂ ನಿಲ್ಲದಿದ್ದರೆ ಗುದದ್ವಾರದಲ್ಲಿ ಇಡುವ ಸಪೊಸಿಟರಿ ಇದೆ. ಆದರೆ ಅದೂ ಪ್ಯಾರಾಸಿಟಮಾಲೇ. ಸಿರಪ್ ಲೆಕ್ಕಕ್ಕೇ ಸೇರಿಸಬೇಕು.

ಪ್ರಶ್ನೆ: ಹಣೆ ಮುಟ್ಟಿದರೆ ಸುಡುತ್ತದೆ, ಕೈಕಾಲು ಮಾತ್ರ ತಣ್ಣಗೆ, ಜೊತೆಗೆ ನಡುಕ. ಹೊದಿಸಬೇಕೋ, ಒದ್ದೆ ಬಟ್ಟೆಯಲ್ಲಿ ಒರೆಸಬೇಕೋ? ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ಉತ್ತರ: ನಡುಕವೆಂದರೆ ಜ್ವರ ಏರುತ್ತಿದೆ ಎಂದರ್ಥ. ಶಾಖ ಹೊರಗೆ ಹೋಗದಂತೆ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿಕೊಂಡಿದೆ, ಅದಕ್ಕೇ ಅವು ತಣ್ಣಗೆ. ಈ ಹೊತ್ತಿನಲ್ಲಿ ತೆಳುವಾದ ಒಂದು ಹೊದಿಕೆ ಸಾಕು. ಏರುವುದು ನಿಂತ ಮೇಲೆ ಅಂಗೈಯೂ ಬೆಚ್ಚಗಾಗಿ, ಮುಖ ಕೆಂಪಾಗುತ್ತದೆ, ಆಗ ಹೊದಿಕೆ ತೆಗೆದು ಒಂದೇ ಪದರ ಹತ್ತಿ ಬಟ್ಟೆಯಲ್ಲಿ ಬಿಡಿ. ಇಳಿಯುವಾಗ ಬೆವರುತ್ತದೆ, ಒದ್ದೆಯಾದ ಬಟ್ಟೆ ಬದಲಿಸಿ. ನಾಲ್ಕು ಪದರ ಸುತ್ತಿದರೆ, ಅದರಲ್ಲೂ ಪುಟ್ಟ ಕೂಸಿಗೆ, ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ.

ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ನಾವು ಈಗ ಹೇಳುತ್ತಿಲ್ಲ. ಚರ್ಮ ತಣಿದರೂ ಮೆದುಳು ನಿಗದಿ ಮಾಡಿದ ಮಟ್ಟ ಹಾಗೇ ಉಳಿದಿರುತ್ತದೆ. ದೇಹ ಮತ್ತೆ ನಡುಗಿ ಶಾಖ ಹುಟ್ಟಿಸುತ್ತದೆ. ಮಗುವಿಗೆ ಕಿರಿಕಿರಿ, ಅಳು, ಅರ್ಧ ಗಂಟೆಗೆ ಜ್ವರ ಮತ್ತೆ ಮೊದಲಿನಂತೆ. ಐಸ್ ನೀರು ಇನ್ನೂ ಕೆಟ್ಟದ್ದು. ಸ್ಪಿರಿಟ್ ಹಚ್ಚುವುದು ನೇರ ಅಪಾಯ: ಅದು ಚರ್ಮದ ಮೂಲಕ, ಉಸಿರಿನ ಮೂಲಕ ಒಳಸೇರಿ ಮಗುವಿನ ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಹಣೆಯ ಮೇಲೊಂದು ಒದ್ದೆ ಬಟ್ಟೆಯಿಂದ ಮಗುವಿಗೆ ಹಾಯೆನಿಸಿದರೆ ಇರಲಿ ಬಿಡಿ. ಅದು ಚಿಕಿತ್ಸೆಯಲ್ಲ, ಉಪಚಾರ.

ಪ್ರಶ್ನೆ: ಕಂಕುಳಲ್ಲಿ ಒಂದು ಸಲ 100, ಐದು ನಿಮಿಷಕ್ಕೆ 101.5 ತೋರಿಸುತ್ತದೆ. ಥರ್ಮಾಮೀಟರ್ ಕೆಟ್ಟಿದೆಯೇ?

ಉತ್ತರ: ಹೆಚ್ಚಾಗಿ ಇಟ್ಟ ರೀತಿ ಕೆಟ್ಟಿರುತ್ತದೆ. ಕಂಕುಳ ಬೆವರು ಒರೆಸಿ, ಡಿಜಿಟಲ್ ಥರ್ಮಾಮೀಟರ್‌ನ ಲೋಹದ ತುದಿಯನ್ನು ನಟ್ಟನಡುವಿನ ಗುಳಿಗೆ ತಾಗಿಸಿ, ತೋಳನ್ನು ಎದೆಗೆ ಒತ್ತಿ, ಬೀಪ್ ಆಗುವವರೆಗೆ ಬಿಡಬೇಡಿ. ತುದಿ ಹಿಂಬದಿಗೆ ತೂರಿ ಗಾಳಿಗೆ ಬಂದರೆ, ನಡುವೆ ಬಟ್ಟೆ ಸಿಕ್ಕಿಕೊಂಡರೆ ಅಂಕಿ ಕಡಿಮೆ ಬರುತ್ತದೆ. ಸ್ನಾನವಾದ ತಕ್ಷಣ, ಹೊದಿಕೆಯಿಂದ ಎತ್ತಿದ ತಕ್ಷಣ ನೋಡಬೇಡಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಕಂಕುಳ ಅಂಕಿ ದೇಹದೊಳಗಿನ ಶಾಖಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ, ಆದರೂ ನೀವೇ ಅರ್ಧ ಕೂಡಿಸಿ ಹೇಳಬೇಡಿ. ‘ಕಂಕುಳಲ್ಲಿ ಇಷ್ಟು’ ಎಂದರೆ ಸಾಕು. ಹಣೆಗೆ ಅಂಟಿಸುವ ಪಟ್ಟಿಗಳನ್ನು ನಂಬಬೇಡಿ. ಪಾದರಸದ ಗಾಜಿನ ಥರ್ಮಾಮೀಟರ್ ಇನ್ನೂ ಇದ್ದರೆ ಮಗುವಿನ ಹತ್ತಿರ ತರಬೇಡಿ. ಅಂದಹಾಗೆ, ಗಂಟೆಗೊಮ್ಮೆ ಅಳೆಯುವುದರಿಂದ ಮಗುವಿನ ನಿದ್ದೆಯೂ ಹೋಗುತ್ತದೆ, ನಿಮ್ಮದೂ ಹೋಗುತ್ತದೆ.

ಪ್ರಶ್ನೆ: ಪ್ಯಾರಾಸಿಟಮಾಲ್ ಕೊಟ್ಟು ಎರಡು ಗಂಟೆಯಾದರೂ ಜ್ವರ ಇಳಿದಿಲ್ಲವೆಂದು ಮೆಡಿಕಲ್ ಶಾಪ್‌ನವರು ಐಬುಪ್ರೊಫೆನ್ ಕೊಟ್ಟರು. ಒಂದಾದ ಮೇಲೊಂದು ಕೊಡಬಹುದೇ?

ಉತ್ತರ: ಎರಡನ್ನೂ ಒಟ್ಟಿಗೆ ಕೊಡಬೇಡಿ, ಮೊದಲೇ ಪಾಳಿ ಹಾಕಿಕೊಂಡು ಸರದಿ ಕೊಡುವುದೂ ಬೇಡ. ಒಂದರಿಂದ ಮಗುವಿನ ಸಂಕಟ ಕಡಿಮೆಯಾಗದಿದ್ದರೆ, ಇಲ್ಲವೇ ಮುಂದಿನ ಡೋಸ್‌ಗೆ ಮೊದಲೇ ಮತ್ತೆ ಸುಸ್ತಾದರೆ, ಡಾಕ್ಟರನ್ನು ಕೇಳಿ ಇನ್ನೊಂದನ್ನು ಕೊಡಬಹುದು. ಐಬುಪ್ರೊಫೆನ್ ಅಳತೆ ಬೇರೆ: ಒಂದು ಸಲಕ್ಕೆ ಕೆ.ಜಿ.ಗೆ 5ರಿಂದ 10 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ, ದಿನಕ್ಕೆ ಮೂರು ಸಲ. ‘5 ಎಂಎಲ್‌ಗೆ 100 ಮಿಲಿಗ್ರಾಂ’ ಎಂದಿರುವ ಸಿರಪ್‌ನಲ್ಲಿ 12 ಕೆ.ಜಿ. ಮಗುವಿಗೆ 3ರಿಂದ 6 ಎಂಎಲ್. ಕೆಲವು ಬಾಟಲಿಗಳಲ್ಲಿ ಐಬುಪ್ರೊಫೆನ್ ಜೊತೆಗೇ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಅದನ್ನು ಕೊಟ್ಟರೆ ಲೆಕ್ಕ ತಪ್ಪಿತು.

ಕೊಡಬಾರದ ಸಂದರ್ಭಗಳು ಇದರಲ್ಲಿ ಹೆಚ್ಚು. ಆರು ತಿಂಗಳೊಳಗಿನ ಕೂಸಿಗೆ ಡಾಕ್ಟರು ಹೇಳದೆ ಬೇಡ. ವಾಂತಿ ಭೇದಿಯಿಂದ ಮಗು ಒಣಗಿದ್ದರೆ ಬೇಡ, ಕಿಡ್ನಿಗೆ ಹೊಡೆತ ಬೀಳುತ್ತದೆ. ಸಿಡುಬಿನ ಗುಳ್ಳೆಗಳಂತೆ ಏಳುವ ಚಿಕನ್‌ಪಾಕ್ಸ್ ಇದ್ದರೆ ಬೇಡ, ಚರ್ಮದ ತೀವ್ರ ಸೋಂಕಿಗೂ ಅದಕ್ಕೂ ನಂಟು ಕಂಡುಬಂದಿದೆ. ಡೆಂಗಿ ಇರಬಹುದೆಂಬ ಅನುಮಾನವಿದ್ದರೂ ಬೇಡ, ರಕ್ತಸ್ರಾವದ ಭಯ. ಆಸ್ಪಿರಿನ್ ಅಂತೂ 16 ವರ್ಷದೊಳಗಿನ ಯಾರಿಗೂ ಜ್ವರಕ್ಕೆ ಕೊಡುವಂತಿಲ್ಲ. ಫ್ಲೂ, ಚಿಕನ್‌ಪಾಕ್ಸ್‌ನಂಥ ವೈರಲ್ ಜ್ವರದಲ್ಲಿ ಅದು ಲಿವರ್ ಮತ್ತು ಮೆದುಳನ್ನು ಕೆಡಿಸುವ ರೇಸ್ ಸಿಂಡ್ರೋಮ್‌ಗೆ ದಾರಿಯಾಗಬಹುದು.

ಯಾವುದೇ ಕೊಟ್ಟರೂ ಒಂದು ಹಾಳೆಯಲ್ಲಿ ಗಂಟೆ, ಔಷಧಿಯ ಹೆಸರು, ಎಂಎಲ್, ಕೊಟ್ಟವರು ಯಾರು ಎಂದು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅಮ್ಮ ಕೊಟ್ಟಿದ್ದು ಗೊತ್ತಿಲ್ಲದೆ ಅಜ್ಜಿ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ.

ಪ್ರಶ್ನೆ: ಒಂದೂವರೆ ವರ್ಷದ ಮಗಳಿಗೆ ಜ್ವರದಲ್ಲಿ ಫಿಟ್ಸ್ ಬಂತು. ಎರಡು ನಿಮಿಷದಲ್ಲಿ ನಿಂತಿತು. ಈಗ ಮೈ ಸ್ವಲ್ಪ ಬಿಸಿಯಾದರೂ ಎದೆ ಡವಡವ ಎನ್ನುತ್ತದೆ. ಔಷಧಿ ತಡವಾಗಿ ಕೊಟ್ಟದ್ದೇ ತಪ್ಪಾಯಿತೇ?

ಉತ್ತರ: ನಿಮ್ಮ ತಪ್ಪಲ್ಲ. ಆರು ತಿಂಗಳಿಂದ ಐದು ವರ್ಷದವರೆಗೆ ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಜ್ವರ ಇದೆಯೆಂದು ಮನೆಯವರಿಗೆ ಗೊತ್ತಾಗುವ ಮೊದಲೇ ಬಂದುಬಿಡುವುದೂ ಉಂಟು. ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಕೊಟ್ಟು ಅದನ್ನು ತಡೆಯಬಹುದೆಂಬ ಭರವಸೆ ಇಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮತ್ತೆ ಬರಬಹುದು. ನಿಮ್ಮ ಮಗಳಿಗೆ ಬಂದಂತೆ ಸ್ವಲ್ಪ ಹೊತ್ತಿನದಾದರೆ ಬುದ್ಧಿಗೆ, ಕಲಿಕೆಗೆ ಕುಂದಿಲ್ಲ.

ಮತ್ತೆ ಬಂದರೆ ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಯ ಜೊಲ್ಲು ಹೊರಗೆ ಹರಿಯಲಿ. ಕತ್ತಿನ ಗುಂಡಿ ಬಿಚ್ಚಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಬೇಡ. ಹಲ್ಲು ಮುರಿದೀತು, ಉಸಿರು ಕಟ್ಟೀತು. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ: ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಅನಿಸುತ್ತದೆ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಾಝೊಲಾಮ್ ಸ್ಪ್ರೇಯನ್ನು ಡಾಕ್ಟರು ಮೊದಲೇ ಬರೆದುಕೊಟ್ಟಿದ್ದರೆ ಕೊಡಬೇಕಾದ್ದು ಆ ಹೊತ್ತಿಗೆ. ಒಂದೇ ಕೈ, ಒಂದೇ ಕಾಲು ಅದುರಿದರೆ, ಅದೇ ದಿನ ಎರಡನೇ ಸಲ ಬಂದರೆ, ನಿಂತು ಒಂದು ಗಂಟೆಯಾದರೂ ಮಗು ಸರಿಯಾಗಿ ಎಚ್ಚರವಾಗದಿದ್ದರೆ ಮಾಮೂಲಿ ಜ್ವರದ ಫಿಟ್ಸ್ ಎಂದುಕೊಳ್ಳಬೇಡಿ. ಮೊದಲ ಸಲ ಬಂದಾಗ ಬೇಗ ನಿಂತರೂ ಅಂದೇ ತೋರಿಸಬೇಕು.

ಪ್ರಶ್ನೆ: ಎರಡು ತಿಂಗಳ ಕೂಸಿಗೆ 100.6. ಹಾಲು ಕುಡಿಯುತ್ತಿದೆ. ಬೆಳಗಿನವರೆಗೆ ಕಾಯಬಹುದೇ?

ಉತ್ತರ: ಬೇಡ. ಮೂರು ತಿಂಗಳೊಳಗೆ 100.4 ಫ್ಯಾರನ್‌ಹೀಟ್ (38 ಸೆಲ್ಸಿಯಸ್) ಮುಟ್ಟಿದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಜ್ವರದ ಔಷಧಿ ಕೊಟ್ಟು ನೋಡುವುದಲ್ಲ. ಇಷ್ಟು ಎಳೆಯ ಕೂಸಿನಲ್ಲಿ ರಕ್ತದ, ಮೂತ್ರದ ಅಥವಾ ಮೆದುಳ ಪೊರೆಯ ಸೋಂಕು ಇದ್ದರೂ ಹೊರಗೆ ಕಾಣುವುದು ಸಣ್ಣ ಜ್ವರ ಮಾತ್ರ. ಮೈ 36 ಸೆಲ್ಸಿಯಸ್‌ಗಿಂತ (96.8 ಫ್ಯಾರನ್‌ಹೀಟ್) ತಣ್ಣಗಾದರೂ ಅಷ್ಟೇ ಅವಸರ. ಮೂರರಿಂದ ಆರು ತಿಂಗಳ ಕೂಸಿಗೆ 102.2 (39 ಸೆಲ್ಸಿಯಸ್) ಮುಟ್ಟಿದರೆ ಅಂದೇ ತೋರಿಸಿ.

ಪ್ರಶ್ನೆ: ಮೂರನೇ ದಿನವೂ 104. ಡಾಕ್ಟರು ಆಂಟಿಬಯಾಟಿಕ್ ಕೊಡದೆ ಕಳಿಸಿದರು. ಇಷ್ಟು ಜ್ವರಕ್ಕೆ ಮೆದುಳಿಗೆ ತೊಂದರೆಯಾಗುವುದಿಲ್ಲವೇ? ಎಷ್ಟು ದಿನ ಕಾಯುವುದು?

ಉತ್ತರ: ಸೋಂಕಿನಿಂದ ಬರುವ ಜ್ವರ 41 ಸೆಲ್ಸಿಯಸ್ (105.8) ದಾಟುವುದೇ ಅಪರೂಪ, 104ರಿಂದ ಮೆದುಳು ಕೆಡುವುದಿಲ್ಲ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಸಿಕ್ಕಿಕೊಂಡ ಮಗುವಿನ ಕಥೆ ಬೇರೆ. ಅದು ಜ್ವರವಲ್ಲ, ಶಾಖಾಘಾತ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ. ವೈರಲ್ ಜ್ವರದಲ್ಲಿ ಅದರಿಂದ ಸಿಗುವುದು ಭೇದಿ, ಮೈಮೇಲೆ ದದ್ದು. ಕೊಡದ ಡಾಕ್ಟರನ್ನು ಬೈಯಬೇಡಿ.

ವೈರಲ್ ಜ್ವರ ಸಾಮಾನ್ಯವಾಗಿ ಮೂರರಿಂದ ಐದು ದಿನ. ಮೊದಲೆರಡು ದಿನ ಜೋರು, ಸಂಜೆಗೆ ಹೆಚ್ಚು, ಆಮೇಲೆ ಏರಿಕೆಗಳ ನಡುವಿನ ಬಿಡುವು ದೊಡ್ಡದಾಗುತ್ತದೆ. ಐದು ದಿನ ಮೀರಿದರೆ, ಅಥವಾ ಒಂದು ದಿನ ಪೂರ್ತಿ ಬಿಟ್ಟು ಮತ್ತೆ ಬಂದರೆ, ಮತ್ತೊಮ್ಮೆ ತೋರಿಸಲೇಬೇಕು. ನೆಗಡಿ, ಕೆಮ್ಮು ಏನೂ ಇಲ್ಲದೆ ಬರಿಯ ಜ್ವರವಿದ್ದರೆ, ಹೆಣ್ಣುಮಕ್ಕಳಲ್ಲಿ ಮತ್ತು ಒಂದು ವರ್ಷದೊಳಗಿನ ಕೂಸುಗಳಲ್ಲಿ ಮುಖ್ಯವಾಗಿ, ಮೂತ್ರ ಪರೀಕ್ಷೆಯ ಬಗ್ಗೆ ನೀವೇ ಕೇಳಿ.

ಮಗುವನ್ನು ಅಳೆಯಬೇಕಾದ್ದು ಜ್ವರ ಇಳಿದ ಹೊತ್ತಿನಲ್ಲಿ. 104 ಇರುವಾಗ ಯಾವ ಮಗುವೂ ಮಂಕಾಗಿಯೇ ಇರುತ್ತದೆ, ಉಸಿರಾಟವೂ ಜೋರಾಗಿರುತ್ತದೆ. ಇಳಿದ ಮೇಲೆ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸಿ: ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ ಅದು ವೇಗದ ಉಸಿರು. ಪಕ್ಕೆ ಸೆಳೆಯುತ್ತಿದ್ದರೆ, ಉಸಿರಿಗೊಮ್ಮೆ ನರಳುತ್ತಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಕತ್ತು ಬಗ್ಗದಿದ್ದರೆ, ಅಳು ಕೀರಲಾಗಿ ನಿಲ್ಲದೇ ಇದ್ದರೆ ತಡಮಾಡದೆ ಹೊರಡಿ. ಡೆಂಗಿ ಹರಡಿರುವ ಕಡೆ ಇನ್ನೊಂದು ಮಾತು: ಜ್ವರ ಬಿಟ್ಟ ದಿನವೇ ಹುಷಾರಾಗಿರಬೇಕು. ಮೈ ತಣ್ಣಗಾದರೂ ಮಗು ಗೆಲುವಾಗದೆ, ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಂಡರೆ ಅದು ಚೇತರಿಕೆಯಲ್ಲ.

ಪ್ರಶ್ನೆ: ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ. ಎರಡು ದಿನದಿಂದ ಏನೂ ತಿಂದಿಲ್ಲ.

ಉತ್ತರ: ನೀವು ಹೇಳುವುದು ಹ್ಯಾಂಡ್ ಫುಟ್ ಮೌತ್ ಕಾಯಿಲೆಯಂತೆ ಕಾಣುತ್ತದೆ, ಅದೂ ವೈರಸ್ಸೇ. ತಿನ್ನದಿದ್ದರೆ ಎರಡು ಮೂರು ದಿನ ನಡೆಯುತ್ತದೆ, ಕುಡಿಯದಿದ್ದರೆ ನಡೆಯುವುದಿಲ್ಲ. ಹುಳಿ, ಖಾರ, ಬಿಸಿ ಬಿಟ್ಟು ತಣ್ಣನೆಯದನ್ನು ಕೊಡಿ. ಪ್ಯಾರಾಸಿಟಮಾಲ್ ಕೊಟ್ಟ ಮುಕ್ಕಾಲು ಗಂಟೆಗೆ ಬಾಯಿನೋವು ತಗ್ಗಿರುತ್ತದೆ, ಕುಡಿಸಲು ಅದೇ ಸಮಯ. ವಾಂತಿಯಾಗುತ್ತಿದ್ದರೆ ಒಆರ್‌ಎಸ್ ಅನ್ನು 5 ಎಂಎಲ್‌ನಂತೆ ಒಂದೆರಡು ನಿಮಿಷಕ್ಕೊಮ್ಮೆ; ನಿಧಾನ ಎನಿಸಿದರೂ ಗಂಟೆಗೆ 150 ಎಂಎಲ್ ಮೇಲೆಯೇ ಹೋಗುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಅರ್ಧ ನೀರಿಗೆ ಇಡೀ ಪೊಟ್ಟಣ ಹಾಕಿದರೆ ಉಪ್ಪು ಹೆಚ್ಚಾಗುತ್ತದೆ. ಎದೆಹಾಲು ಕುಡಿಯುವ ಕೂಸಿಗೆ ಅದನ್ನೇ ಮತ್ತೆ ಮತ್ತೆ ಕೊಡಿ. ಆರು ತಿಂಗಳೊಳಗೆ ಬರಿ ನೀರು ಬೇಡ. ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಅತ್ತರೂ ಕಣ್ಣೀರಿಲ್ಲದಿದ್ದರೆ, ನಾಲಿಗೆ ಒಣಗಿ ಕಣ್ಣು ಗುಳಿಬಿದ್ದಿದ್ದರೆ ಡ್ರಿಪ್ ಬೇಕಾಗಬಹುದು.

ಪ್ರಶ್ನೆ: ನಾಲ್ಕು ದಿನ ಜೋರು ಜ್ವರವಿದ್ದು, ಬಿಟ್ಟ ದಿನ ಎದೆ ಬೆನ್ನಿನ ತುಂಬ ಗುಲಾಬಿ ದದ್ದು. ಔಷಧಿಯ ಅಲರ್ಜಿಯೇ?

ಉತ್ತರ: ಮಗುವಿಗೆ ಆರು ತಿಂಗಳಿಂದ ಎರಡು ವರ್ಷದೊಳಗಿದ್ದರೆ ಬಹುಶಃ ರೋಸಿಯೋಲ ಎಂಬ ವೈರಲ್ ಕಾಯಿಲೆ. ಜ್ವರ ಇಳಿದೊಡನೆ ದದ್ದು ಏಳುವುದೇ ಅದರ ಗುರುತು, ಎರಡು ಮೂರು ದಿನದಲ್ಲಿ ತಾನೇ ಮಾಸುತ್ತದೆ. ಆದರೂ ಒಂದು ಪರೀಕ್ಷೆ ಮಾಡಿ: ಗಾಜಿನ ಲೋಟದ ಬದಿಯನ್ನು ದದ್ದಿನ ಮೇಲೆ ಒತ್ತಿ. ಬಣ್ಣ ಮಾಯವಾದರೆ ಗಾಬರಿಯಿಲ್ಲ. ಒತ್ತಿದರೂ ಕೆಂಪು, ನೇರಳೆ ಚುಕ್ಕೆಗಳು ಹಾಗೇ ಉಳಿದರೆ ಚರ್ಮದೊಳಗೆ ರಕ್ತ ಒಸರಿದೆ ಎಂದರ್ಥ; ಅದು ತುರ್ತು.

ಪ್ರಶ್ನೆ: ಮತ್ತೆ ಶಾಲೆಗೆ ಯಾವಾಗ ಕಳಿಸಬಹುದು? ಉಳಿದ ಸಿರಪ್ ಇಟ್ಟುಕೊಳ್ಳಬಹುದೇ?

ಉತ್ತರ: ಔಷಧಿಯಿಲ್ಲದೆ 24 ಗಂಟೆ ಜ್ವರ ಬರದೆ, ಎಂದಿನಂತೆ ತಿಂದು ಆಡುತ್ತಿದ್ದರೆ ಕಳಿಸಿ. ಬೆಳಿಗ್ಗೆ ಒಂದು ಡೋಸ್ ಕುಡಿಸಿ ಕಳಿಸಿದರೆ ಮಧ್ಯಾಹ್ನ ಶಾಲೆಯಿಂದ ಫೋನ್ ಬರುತ್ತದೆ, ಅಷ್ಟರಲ್ಲಿ ಪಕ್ಕದ ಮಗುವಿಗೂ ಅಂಟಿರುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದು, ತೆರೆದ ಮೇಲೆ ಎಷ್ಟು ದಿನ ಇಡಬಹುದೆಂದು ಲೇಬಲ್‌ನಲ್ಲಿ ನೋಡಿಕೊಂಡು, ಮಗುವಿನ ಕೈಗೆಟುಕದ ಕಡೆ ಇಡಿ. ಸಿಹಿಯಾಗಿರುವುದರಿಂದ ಪೂರ್ತಿ ಕುಡಿದುಬಿಡುವ ಮಕ್ಕಳಿದ್ದಾರೆ. ಈ ಸಲದ ಎಂಎಲ್ ಲೆಕ್ಕವನ್ನು ಮಾತ್ರ ಬಾಟಲಿಯ ಮೇಲೆ ಬರೆದಿಡಬೇಡಿ. ಆರು ತಿಂಗಳಲ್ಲಿ ಮಗುವಿನ ತೂಕ ಒಂದು ಕೆ.ಜಿ.ಯಾದರೂ ಏರಿರುತ್ತದೆ, ಮತ್ತೆ ತೂಗಿ ಮತ್ತೆ ಲೆಕ್ಕ ಹಾಕಿ.